ಸದಸ್ಯರ ಹೆಸರು ಹೇಳಿ

ಮೊನ್ನೆ ನಮ್ಮ ಬಚ್ಚಲುಮನೆಯ ಬಾಗಿಲು ಗಾಳಿಗೆ ಬಡಿದುಕೊಂಡು ಒಳಗಿನ ಚಿಲಕ ತಾನಾಗಿಯೇ ಬಿದ್ದುಬಿಟ್ಟಿತು. ಒಳಗೆ ಯಾರೂ ಇಲ್ಲ. ಹೊರಗೆ ನಾನು ಟವೆಲ್ ಸುತ್ತಿಕೊಂಡು ನಿಂತಿದ್ದೇನೆ. ಸಂದಿಗೆ ತೂರಿಸಿ ಚಿಲಕ ಎತ್ತಲು ತೆಳ್ಳಗೆ, ಗಟ್ಟಿಗೆ ಏನಾದರೂ ಬೇಕಿತ್ತು. ಎಟಿಎಂ ಕಾರ್ಡ್ ತೂರಿಸಲು ಧೈರ್ಯ ಬರಲಿಲ್ಲ. ಆಧಾರ್ ಕಾರ್ಡ್ ಮುರಿದರೆ ನಾನು ಹುಟ್ಟಿದ್ದೇನೆ ಅಂತ ಮತ್ತೊಮ್ಮೆ ಸಾಬೀತು ಮಾಡುತ್ತ ಅಲೆಯಬೇಕು. ಕೊನೆಗೆ ಪರ್ಸಿನ ಮೂಲೆಯಲ್ಲಿ ಅವಧಿ ಮುಗಿದ ಒಂದು ಪ್ಲಾಸ್ಟಿಕ್ ಕಾರ್ಡ್ ಸಿಕ್ಕಿತು. ಅದನ್ನು ತೂರಿಸಿ ಎತ್ತಿದ ಕೂಡಲೇ ಚಿಲಕ ಟಕ್ಕೆಂದು ಬಿಟ್ಟುಕೊಂಡಿತು. ಆದರೆ ನಾನು ಸ್ನಾನಕ್ಕೆ ಹೋಗುವುದನ್ನು ಮರೆತು ಆ ಕಾರ್ಡನ್ನೇ ತಿರುವಿ ತಿರುವಿ ನೋಡುತ್ತ ನಿಂತೆ.

ಅದು ರೋಡ್‌ಸೈಡ್ ಅಸಿಸ್ಟೆನ್ಸ್ ಕಾರ್ಡ್. ಗೊತ್ತಿಲ್ಲದವರಿಗೆ ಹೇಳುತ್ತೇನೆ. ದೂರದ ಊರಿಗೆ ಹೊರಟಾಗ ಗಾಡಿ ನಡುದಾರಿಯಲ್ಲಿ ಕೈಕೊಟ್ಟರೆ ಈ ಕಾರ್ಡಿನ ಹಿಂದಿರುವ ನಂಬರಿಗೆ ಫೋನ್ ಮಾಡಬೇಕು. ಅವರು ಯಾರನ್ನಾದರೂ ಕಳಿಸಿ ಪಂಚರ್ ಹಾಕಿಸುತ್ತಾರೆ, ಪೆಟ್ರೋಲ್ ಮುಗಿದಿದ್ದರೆ ತಂದು ಕೊಡುತ್ತಾರೆ, ಯಾವುದಕ್ಕೂ ಬಗ್ಗದಿದ್ದರೆ ಗಾಡಿಯನ್ನೇ ಎತ್ತಿಕೊಂಡು ಹೋಗಿ ವರ್ಕ್‌ಶಾಪಿಗೆ ಮುಟ್ಟಿಸುತ್ತಾರೆ. ಅಂದರೆ, ನಮ್ಮ ಕಾಲದಲ್ಲಿ ದಾರಿಹೋಕರು ಪುಕ್ಕಟೆ ಮಾಡುತ್ತಿದ್ದ ಕೆಲಸಕ್ಕೆ ಈಗ ಕಾರ್ಡ್ ಬಂದಿದೆ, ಇಷ್ಟೇ.

ನಾನು ಹುಟ್ಟಿ ಬೆಳೆದದ್ದು ಹೆದ್ದಾರಿಯ ಮೇಲಿನ ಮರಿಯಮ್ಮನಹಳ್ಳಿಯಲ್ಲಿ. ಲಾರಿಗಳ ಸದ್ದು ನಿಂತರೆ ನಮಗೆ ನಿದ್ದೆ ಬರುತ್ತಿರಲಿಲ್ಲ. ನಮ್ಮ ಸೋದರಮಾವನ ಹತ್ತಿರ ಒಂದು ಹಳೇ ಮೋಟರ್ ಸೈಕಲ್ ಇತ್ತು. ಅದು ನಡೆದದ್ದಕ್ಕಿಂತ ನಿಂತದ್ದೇ ಹೆಚ್ಚು. ಎಲ್ಲಿ ನಿಂತರೂ ಐದು ನಿಮಿಷದಲ್ಲಿ ಎಂಟು ಜನ ಸೇರುತ್ತಿದ್ದರು. ಪ್ಲಗ್ ಬಿಚ್ಚಿ ತನ್ನ ಲುಂಗಿಯ ತುದಿಯಿಂದ ಒರೆಸುವವನೊಬ್ಬ, ಗಾಡಿಯನ್ನು ಮಗ್ಗುಲಿಗೆ ಮಲಗಿಸಿ ಎಬ್ಬಿಸುವವನೊಬ್ಬ, ಟ್ಯಾಂಕಿನ ಮುಚ್ಚಳ ತೆಗೆದು ಒಳಗೆ ಊದುವವನೊಬ್ಬ. ಅವರೆಲ್ಲರಿಗಿಂತ ದೊಡ್ಡ ಮನುಷ್ಯ ಯಾರೆಂದರೆ ಏನೂ ಮಾಡದೆ ಬೀಡಿ ಹಚ್ಚಿಕೊಂಡು, ಯಾವೂರು, ಯಾರ ಪೈಕಿ ಅಂತ ವಿಚಾರಿಸುವವನು. ಬೀಡಿಯೂ ಪೆಟ್ರೋಲೂ ಅಷ್ಟು ಹತ್ತಿರ ಇದ್ದೂ ಯಾರಿಗೂ ಏನೂ ಆಗಲಿಲ್ಲ ಅನ್ನುವುದು ಮರಿಯಮ್ಮನ ದಯೆ. ಗಾಡಿ ಸ್ಟಾರ್ಟ್ ಆಗುವ ಹೊತ್ತಿಗೆ ಮಾವನಿಗೂ ಆ ಬೀಡಿಯವನಿಗೂ ಎಲ್ಲೋ ಒಂದು ಕಡೆ ಸಂಬಂಧ ತಗಲಿ, ಅವರ ಮನೆಯಲ್ಲಿ ಊಟ ಮುಗಿಸಿಯೇ ಹೊರಡಬೇಕಾಗುತ್ತಿತ್ತು. ಒಮ್ಮೆ ಹಾಗೆ ಗಾಡಿ ಕೆಟ್ಟು ನಿಂತ ಊರಿನಿಂದಲೇ ಮಾವ ಹೆಣ್ಣು ಮಾಡಿಕೊಂಡು ಬಂದ. ಯಾವ ಕಾರ್ಡಿನಲ್ಲಿ ಈ ಸೌಲಭ್ಯ ಇದೆ ಹೇಳಿ ನೋಡೋಣ.

ಇರಲಿ. ನಾನು ಸಂಡೂರಿನ ಕಡೆ ಒಂದು ಅದಿರಿನ ಗಣಿಯಲ್ಲಿ ಟೈಮ್‌ಕೀಪರ್ ಆಗಿದ್ದವನು. ಹೊಸಪೇಟೆಯಿಂದ ಗಣಿಯ ಬಸ್ಸಿನಲ್ಲಿ ಹೋಗುವುದು, ಗೇಟಿನಲ್ಲಿ ನಿಂತು ಶಿಫ್ಟಿನವರ ಹಾಜರಿ ಕೂಗುವುದು, ಸಂಜೆ ಮೈಯೆಲ್ಲ ಕೆಂಪು ಮಾಡಿಕೊಂಡು ಮನೆಗೆ ಬರುವುದು. ಮುನ್ನೂರು ಹೆಸರು ಪುಸ್ತಕ ನೋಡದೆ ಕೂಗುತ್ತಿದ್ದೆ. ಹನುಮಂತಪ್ಪ ಅನ್ನುವವರೇ ಏಳು ಜನ ಇದ್ದರು, ಅವರನ್ನೂ ಒಬ್ಬರಿಗೊಬ್ಬರು ಬೆರೆಯದ ಹಾಗೆ ಬೇರೆ ಬೇರೆ ರಾಗದಲ್ಲಿ ಕರೆಯುತ್ತಿದ್ದೆ. ರಿಟೈರ್ ಆದ ದಿನ ಶಾಲು ಹೊದಿಸಿ ಒಂದು ಗೋಡೆ ಗಡಿಯಾರ ಕೊಟ್ಟರು. ಟೈಮ್‌ಕೀಪರನಿಗೆ ಇನ್ನೇನು ಕೊಟ್ಟಾರು ಪಾಪ.

ಆ ಗಡಿಯಾರಕ್ಕೆ ಮೊಳೆ ಹೊಡೆಯುತ್ತ, ಬಿಡುಗಡೆಯಾದ ಖುಷಿಯಲ್ಲಿ, ನಿನಗೇನು ಬೇಕು ಕೇಳು ಅಂದುಬಿಟ್ಟೆ ನಮ್ಮನಿಯಾಕಿಗೆ. ಅಂದಮೇಲೆ ಹೆದರಿಕೆಯಾಯಿತು, ಬಂಗಾರ ಕೇಳಿಯಾಳು ಅಂತ. ಆಕೆ ಮೊಳೆಯ ಡಬ್ಬಿ ಹಿಡಿದುಕೊಂಡೇ ಕನ್ಯಾಕುಮಾರಿ ಅಂದಳು.

ನಮ್ಮನಿಯಾಕಿ ಕಂಪ್ಲಿಯವಳು. ನಾಲ್ಕನೇ ಕ್ಲಾಸಿನಲ್ಲಿದ್ದಾಗ ಮೇಷ್ಟ್ರು ಗೋಡೆಯ ನಕಾಶೆಯಲ್ಲಿ ದೇಶದ ತುದಿ ತೋರಿಸಿ ಅಂದರಂತೆ. ಉದ್ದ ಇದ್ದ ಹುಡುಗಿಯರೆಲ್ಲ ಹಿಮಾಲಯದ ಹತ್ತಿರ ಕೈ ಇಟ್ಟರಂತೆ. ಈಕೆ ಗಿಡ್ಡಿ, ಕೈಗೆ ನೇರ ಸಿಕ್ಕದ್ದು ಕೆಳಗಿನ ತುದಿ. ಅದೇ ಸರಿಯಾದ ಉತ್ತರವಾಗಿ, ಅವತ್ತಿನಿಂದ ಆ ಜಾಗ ತನ್ನದು ಅಂತ ಆಕೆಯ ನಂಬಿಕೆ. ಇಷ್ಟು ವರ್ಷ ಅದನ್ನು ಬಾಯಿಬಿಟ್ಟು ಹೇಳಿರಲಿಲ್ಲ, ನಾನು ಕೇಳಿರಲೂ ಇಲ್ಲ. ಹೋಗುವುದಾದರೆ ನಮ್ಮ ಮೋಟರ್ ಸೈಕಲ್ ಗಾಡಿ ಮೇಲೇ ಹೋಗೋಣ ಅಂದಳು. ಬಸ್ಸು ಆಕೆಗೆ ಆಗದು. ಬಳ್ಳಾರಿ ಮುಟ್ಟುವಷ್ಟರಲ್ಲಿ ಎರಡು ನಿಂಬೆಹಣ್ಣು, ನಾಲ್ಕು ಪ್ಲಾಸ್ಟಿಕ್ ಚೀಲ ಖರ್ಚಾಗುತ್ತವೆ. ರೈಲಿನಲ್ಲಿ ಕುಳಿತರೆ ಊರುಗಳ ಹಿತ್ತಲು ಕಾಣುತ್ತದೆಯೇ ಹೊರತು ಮುಖ ಕಾಣುವುದಿಲ್ಲ ಅಂತ ತಕರಾರು. ನಿಮ್ಮ ಬೆನ್ನಿಗೆ ಕುಂತರೆ ನನಗೆ ವಾಂತಿ ಬರುವುದಿಲ್ಲ ಅಂದಳು. ಯಾವ ಹೆಂಡತಿಯೂ ಗಂಡನಿಗೆ ಇದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಕೊಟ್ಟಿರಲಿಕ್ಕಿಲ್ಲ.

ಅಡ್ಡ ಬಂದವಳು ಮಗಳು ವೀಣಾ. ಹುಬ್ಬಳ್ಳಿಯ ಆಸ್ಪತ್ರೆಯೊಂದರಲ್ಲಿ ನರ್ಸು. ಬೈಕಿನಿಂದ ಬಿದ್ದವರನ್ನು ದಿನಾ ಸ್ಟ್ರೆಚರಿನ ಮೇಲೆ ನೋಡಿ ನೋಡಿ ಆಕೆಗೆ ಎರಡು ಗಾಲಿಯ ಮೇಲೆ ನಂಬಿಕೆಯೇ ಹೋಗಿದೆ. ಆದರೂ ಅವ್ವ ಬಾಯಿಬಿಟ್ಟು ಕೇಳಿದ್ದು ಇದೊಂದೇ ಅಂತ ಕರಗಿ, ಎರಡು ಷರತ್ತು ಹಾಕಿದಳು. ಒಂದು, ಅಸಿಸ್ಟೆನ್ಸ್ ಕಾರ್ಡ್ ತಗೊಳ್ಳಲೇಬೇಕು. ಎರಡು, ಆ ನಂಬರಿಗೆ ಅವ್ವ ಒಬ್ಬಳೇ ಫೋನ್ ಮಾಡಿ ಮಾತಾಡಿ ತೋರಿಸಬೇಕು. ಗಾಡಿ ಕೆಟ್ಟರೆ ಅಪ್ಪ ಮಾಡುತ್ತಾನೆ, ಸರಿ; ಅಪ್ಪನೇ ಬಿದ್ದರೆ ಅಪ್ಪ ಫೋನ್ ಮಾಡುತ್ತಾನೇನು ಅಂತ ಆಕೆಯ ಪ್ರಶ್ನೆ. ಎರಡರಲ್ಲಿ ಒಂದು ತಪ್ಪಿದರೂ ಗಾಡಿಯ ಕೀಲಿ ಹುಬ್ಬಳ್ಳಿಗೆ ಒಯ್ಯುತ್ತೇನೆ, ಕನ್ಯಾಕುಮಾರಿ ಕ್ಯಾಲೆಂಡರಿನಲ್ಲಿ ನೋಡಿಕೊಳ್ಳಿ ಅಂದಳು. ಹೇಳಿದ್ದನ್ನು ಮಾಡುವ ಹುಡುಗಿ ಆಕೆ, ಅವ್ವನ ಹಾಗೆ.

ಮೊದಲನೇ ಷರತ್ತಿಗಾಗಿ ಶೋರೂಮಿಗೆ ಹೋಗಿ ಕಾಗದಪತ್ರ ತಂದೆ. ಸಿಲ್ವರ್, ಗೋಲ್ಡ್, ಪ್ಲ್ಯಾಟಿನಂ ಅಂತ ಮೂರು ಪ್ಲ್ಯಾನು. ಮೂರು ದಿನ ಪಡಸಾಲೆಯಲ್ಲಿ ಕನ್ನಡಕ ಹಾಕಿಕೊಂಡು ಕುಳಿತು ಓದಿದೆ. ಎಸ್ಸೆಸ್ಸೆಲ್ಸಿಗೆ ಹೀಗೆ ಓದಿದ್ದರೆ ಟೈಮ್‌ಕೀಪರ್ ಆಗುತ್ತಿರಲಿಲ್ಲ. ಸಿಲ್ವರಿನಲ್ಲಿ ಗಾಡಿಯನ್ನು ಒಂದಿಷ್ಟು ದೂರ ಮಾತ್ರ ಎತ್ತಿಕೊಂಡು ಹೋಗುತ್ತಾರೆ. ಗೋಲ್ಡಿನಲ್ಲಿ ಹತ್ತಿರದ ವರ್ಕ್‌ಶಾಪ್ ಎಷ್ಟು ದೂರವಿದ್ದರೂ ಮುಟ್ಟಿಸುತ್ತಾರೆ. ಪ್ಲ್ಯಾಟಿನಮ್ಮಿನಲ್ಲಿ ಕೀಲಿ ಕಳೆದರೆ ಇನ್ನೊಂದು ಕೀಲಿ, ಹೋಟೆಲಿನಲ್ಲಿ ವಸತಿ, ಅದರ ಮೇಲೆ ಕಾನೂನು ಸಲಹೆ. ಗಾಡಿ ಕೆಟ್ಟರೆ ವಕೀಲ ಯಾಕೆ ಅಂತ ನನಗೆ ಇವತ್ತಿಗೂ ತಿಳಿದಿಲ್ಲ. ಗಂಡ ಹೆಂಡತಿ ಅಷ್ಟು ದೂರ ಒಂದೇ ಸೀಟಿನ ಮೇಲೆ ಹೋಗುವಾಗ ಬೇಕಾಗಬಹುದು ಅಂತ ಇಟ್ಟಿರಬೇಕು. ಕೆಳಗೆ ಸಣ್ಣ ಅಕ್ಷರದಲ್ಲಿ, ಯುದ್ಧ, ಭೂಕಂಪ, ದಂಗೆ ಮತ್ತು ರೇಸಿನಲ್ಲಿ ಭಾಗವಹಿಸಿದಾಗ ಸಹಾಯ ಇರುವುದಿಲ್ಲ ಅಂತ ಇತ್ತು. ರೇಸಿನ ವಿಷಯದಲ್ಲಿ ನನ್ನಿಂದ ಅವರಿಗೆ ಭಯ ಇರಲಿಲ್ಲ.

ನಮ್ಮ ಓಣಿಯ ಮೆಕ್ಯಾನಿಕ್ ಖಾಜಾಸಾಬ್‌ಗೆ ಈ ಕಾರ್ಡಿನ ಸುದ್ದಿ ಕೇಳಿಯೇ ಬೇಜಾರು. ನನ್ನ ನಂಬರ್ ಇರುವಾಗ ಇದೆಲ್ಲ ಯಾಕೆ ಸಾ, ಕನ್ಯಾಕುಮಾರಿಯಲ್ಲಿ ನಿಂತರೂ ಫೋನ್ ಮಾಡಿ, ಏನು ಬಿಚ್ಚಬೇಕು ಅಂತ ಹೇಳುತ್ತೇನೆ ಅಂದ. ಖಾಜಾಸಾಬ್ ಬಿಚ್ಚುವುದನ್ನು ಭಾಳ ಚೆನ್ನಾಗಿ ಹೇಳುತ್ತಾನೆ. ಕೂಡಿಸುವ ಹೊತ್ತಿಗೆ ನಮಾಜಿಗೆ ಹೊತ್ತಾಯಿತು ಅಂತ ಫೋನ್ ಇಡುತ್ತಾನೆ. ಒಂದು ಮಾತು ಮಾತ್ರ ಖರೇ ಹೇಳಿದ. ಈ ಹೊಸ ಇಂಜೆಕ್ಷನ್ ಗಾಡಿಗಳಲ್ಲಿ ಪೆಟ್ರೋಲ್ ಎತ್ತಿಕೊಡುವ ಪಂಪ್ ಒಂದಿರುತ್ತದೆ, ಅದು ಹೋದರೆ ಯಾವ ಮೆಕ್ಯಾನಿಕ್ಕೂ ದಾರಿಯಲ್ಲಿ ಏನೂ ಮಾಡಲಾಗುವುದಿಲ್ಲ, ಗಾಡಿ ಎತ್ತಿಸಲೇಬೇಕು.

ನಾನು ಸಿಲ್ವರಿಗೆ ಮನಸ್ಸು ಮಾಡಿದ್ದೆ. ಸ್ವಭಾವ, ಏನು ಮಾಡೋದು. ನಮ್ಮನಿಯಾಕಿ ಬೆಳ್ಳುಳ್ಳಿ ಸುಲಿಯುತ್ತ ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದಳು.

“ಗಾಡಿ ಎತ್ಕೊಂಡು ಹೋಗ್ತಾರ, ಛಲೋ ಆತು. ನಮ್ಮನ್ನ?”

ಮೂರು ದಿನ ಓದಿದ ನನಗೆ ಇದು ಹೊಳೆದಿರಲಿಲ್ಲ. ಹಾಳೆ ತಿರುವಿ ನೋಡಿದರೆ, ಸಿಲ್ವರಿನಲ್ಲಿ ಸವಾರರು ತಮ್ಮ ವ್ಯವಸ್ಥೆಯನ್ನು ತಾವೇ ಮಾಡಿಕೊಳ್ಳತಕ್ಕದ್ದು ಅಂತ ಇತ್ತು. ಅಂದರೆ ಗಾಡಿ ರಾಜನ ಹಾಗೆ ಲಾರಿಯ ಮೇಲೆ ನಿಂತು ಹೋಗುತ್ತದೆ, ನಾವಿಬ್ಬರು ಹೆಲ್ಮೆಟ್ ಕೈಯಲ್ಲಿ ಹಿಡಿದುಕೊಂಡು ಅದಕ್ಕೆ ಟಾಟಾ ಮಾಡುತ್ತ ನಿಲ್ಲಬೇಕು. ಗೋಲ್ಡಿನಲ್ಲಿ ಸವಾರರನ್ನೂ ಒಯ್ಯುತ್ತಾರಂತೆ. ಗೋಲ್ಡೇ ಆಯಿತು.

ಎರಡನೇ ಷರತ್ತಿಗೆ ಒಂದು ಭಾನುವಾರ ವೀಣಾ ತಾನೇ ಬಂದಳು. ಅವ್ವನ ಕೈಗೆ ಫೋನ್ ಕೊಟ್ಟು, ಸ್ಪೀಕರ್ ಹಾಕಿ, ನೀನೇ ಮಾತಾಡಿ ಸದಸ್ಯತ್ವ ಮಾಡಿಸು ಅಂದಳು. ನನಗೆ ತುಟಿ ಬಿಚ್ಚಬೇಡ ಅಂತ ಕಟ್ಟಪ್ಪಣೆ. ಆ ಕಡೆ ಒಬ್ಬ ಹುಡುಗಿ, ಪುಸ್ತಕದ ಕನ್ನಡದಲ್ಲಿ, ಈ ಕರೆಯನ್ನು ತರಬೇತಿಯ ಉದ್ದೇಶಕ್ಕಾಗಿ ರೆಕಾರ್ಡ್ ಮಾಡಲಾಗುತ್ತಿದೆ ಅಂತ ಶುರು ಮಾಡಿದಳು. ನಮ್ಮನಿಯಾಕಿ ಏನು ಹೆದರುವವಳಲ್ಲ. ಗಾಡಿಯ ನಂಬರ್ ಹೇಳಿದಳು, ಬಣ್ಣ ಹೇಳಿದಳು, ಮನೆಯ ವಿಳಾಸ ಹೇಳಿ ಎದುರಿಗೆ ಬೇವಿನ ಗಿಡ ಇದೆ ಅಂತಲೂ ಸೇರಿಸಿದಳು. ಆಮೇಲೆ ಆ ಹುಡುಗಿ, ಸದಸ್ಯರ ಹೆಸರು ಹೇಳಿ ಅಂದಳು. ಗಾಡಿ ನನ್ನ ಹೆಸರಿನಲ್ಲಿದೆ, ಹಾಗಾಗಿ ಸದಸ್ಯ ನಾನು.

ನಮ್ಮನಿಯವರು ಅಂದಳು ನಮ್ಮನಿಯಾಕಿ. ಅವರ ಹೆಸರು ಮೇಡಂ ಅಂತ ಹುಡುಗಿ. ವೀಣಾ ಅವರಪ್ಪ ಅಂದಳು ಈಕೆ. ವೀಣಾ ಅಂತ ಬರೆದುಕೊಳ್ಳಲೇ ಅಂತ ಹುಡುಗಿ. ಬ್ಯಾಡ, ಅದು ಮಗಳು ಅಂತ ಈಕೆ. ನಾನು ಬಾಯಿ ತೆರೆದರೆ ವೀಣಾ ಕಣ್ಣು ಕೆಂಪು ಮಾಡಿದಳು.

ವಿಷಯ ಇಷ್ಟೇ. ನಮ್ಮನಿಯಾಕಿ ನನ್ನ ಹೆಸರು ಹೇಳುವುದಿಲ್ಲ. ಗಂಡನ ಹೆಸರು ಹೇಳಿದರೆ ಆತನ ಆಯುಷ್ಯ ಕಡಿಮೆಯಾಗುತ್ತದೆ ಅಂತ ಹಿಂದಿನ ಕಾಲದವರ ನಂಬಿಕೆ. ಈಕೆ ಹಿಂದಿನ ಕಾಲದವಳೂ ಅಲ್ಲ, ಆದರೆ ನಮ್ಮವ್ವನ ಕೈಕೆಳಗೆ ತಯಾರಾದವಳು. ನಮ್ಮಪ್ಪನ ಹೆಸರು ಹಾಲಪ್ಪ. ಅದಕ್ಕೆ ನಮ್ಮವ್ವ ಜನ್ಮದಲ್ಲಿ ಹಾಲು ಅನ್ನಲಿಲ್ಲ, ಬಿಳೇದು ಅನ್ನುತ್ತಿದ್ದಳು. ಬಿಳೇದು ಉಕ್ಕಿತು, ಬಿಳೇದು ಒಡೆಯಿತು, ಎಮ್ಮೆ ಬಿಳೇದು ಕೊಡಲಿಲ್ಲ. ನಾವು ಮಕ್ಕಳೂ ಬಹಳ ದಿನ ಹಾಗೇ ಅನ್ನುತ್ತಿದ್ದೆವು. ಶಾಲೆಯಲ್ಲಿ ಮೇಷ್ಟ್ರು ಹಸು ಏನು ಕೊಡುತ್ತದೆ ಅಂತ ಕೇಳಿದಾಗ ಬಿಳೇದು ಅಂದು ಹೊಡೆಸಿಕೊಂಡಿದ್ದೇನೆ. ನಮ್ಮನಿಯಾಕಿ ಹೊಸದಾಗಿ ಬಂದಾಗ ಅವ್ವ ಅಡಿಗೆಮನೆಯಲ್ಲಿ ಕುಳಿತು, ಚಾಕ್ಕ ಬಿಳೇದು ಹಾಕು ಅಂದಳು. ಈಕೆ ಸಕ್ಕರೆ ಹಾಕಿದಳು. ಇನ್ನೂ ಬಿಳೇದು ಹಾಕಿಲ್ಲಲ್ಲ ಅಂದಳು ಅವ್ವ. ಇನ್ನೊಂದು ಹಿಡಿ ಸಕ್ಕರೆ ಹಾಕಿದಳು. ಮೂರನೇ ಸಲಕ್ಕೆ ಚಹಾ ಪಾಕವಾಯಿತು, ಅಪ್ಪ ಅದನ್ನು ಕುಡಿದು, ಸೊಸಿ ಕೈ ಧಾರಾಳ ಐತಿ ಅಂತ ಹೊಗಳಿದರು. ಮಾವನ ಹೆಸರೂ ಹೇಳಬಾರದಲ್ಲ, ಅವತ್ತಿನಿಂದ ಆ ಮನೆಯಲ್ಲಿ ಬಿಳೇದು ಅನ್ನುವವರು ಇಬ್ಬರಾದರು.

ನನ್ನ ಹೆಸರು ಪಂಪಾಪತಿ. ನಮ್ಮ ಕಡೆ ಕಲ್ಲು ಎಸೆದರೆ ಒಬ್ಬ ಪಂಪಾಪತಿಗೆ ತಾಗುತ್ತದೆ. ಹಂಪಿಯ ದೇವರಿಗೆ ಪಂಪಾಪತಿ, ವಿರೂಪಾಕ್ಷ ಅಂತ ಎರಡು ಹೆಸರಿದ್ದದ್ದು ನಮ್ಮನಿಯಾಕಿಯ ಪುಣ್ಯ. ಎರಡನೆಯದನ್ನು ಹಿಡಿದುಕೊಂಡು ಕೈಮುಗಿಯುತ್ತಾಳೆ. ಪಂಪ್ ಅನ್ನುವ ಮಾತೂ ಆಕೆಯ ಬಾಯಲ್ಲಿ ಬರುವುದಿಲ್ಲ. ಸೈಕಲ್ ಪಂಪಿಗೆ ಗಾಳಿ ಹೊಡಿಯೋದು ಅನ್ನುತ್ತಾಳೆ. ಬುಕ್ಕಸಾಗರದಲ್ಲಿರುವ ಆಕೆಯ ಅಕ್ಕನ ಗದ್ದೆಯಲ್ಲಿ ಪಂಪ್‌ಸೆಟ್ ಕೆಟ್ಟರೆ, ನೀರೆತ್ತೋದು ಕೆಟ್ಟೈತಂತ ಅನ್ನುತ್ತಾಳೆ. ನನಗೆ ಇದೆಲ್ಲ ನಗೆಯ ವಿಷಯವಾಗಿತ್ತು, ನಾಲ್ಕು ಜನರ ಮುಂದೆ ಹೇಳಿ ನಗಿಸುತ್ತಿದ್ದೆ.

ಅವತ್ತು ನಗು ಬರಲಿಲ್ಲ. ಈ ಒಂದು ಹೆಸರಿಗೆ ಸಿಕ್ಕಿಕೊಂಡು ಕನ್ಯಾಕುಮಾರಿ ತಪ್ಪುತ್ತದೆ ಅಂತ ಆಕೆಯ ಮುಖ ಇಷ್ಟಾಗಿತ್ತು. ವೀಣಾ ಟೇಬಲ್ಲಿನ ಮೇಲಿದ್ದ ಗಾಡಿಯ ಕೀಲಿಯನ್ನು ನೋಡುತ್ತಿದ್ದಳು. ಆಗ ಫೋನಿನ ಹುಡುಗಿ ದನಿ ತಗ್ಗಿಸಿ, ಪುಸ್ತಕದ ಕನ್ನಡ ಬಿಟ್ಟು, ಗದಗಿನ ಕಡೆಯ ಮಾತಿನಲ್ಲಿ ಕೇಳಿದಳು.

“ಅಕ್ಕಾರ, ಒಡಪಿನ್ಯಾಗ ಹೇಳ್ತೀರೇನ್ರಿ?”

ನಮ್ಮ ಕಡೆ ಮದುವೆಯಲ್ಲಿ ಹೊಸ ಹೆಣ್ಣನ್ನು ಹೊಸ್ತಿಲಲ್ಲಿ ತಡೆದು ಗಂಡನ ಹೆಸರು ಹೇಳಿಸುತ್ತಾರೆ. ಬರೀ ಹೆಸರು ಹೇಳಬಾರದು, ಪ್ರಾಸ ಕೂಡಿಸಿ ಎರಡು ಸಾಲು ಕಟ್ಟಿ ಅದರೊಳಗೆ ಹೇಳಬೇಕು. ಅದಕ್ಕೆ ಒಡಪು ಅನ್ನುತ್ತಾರೆ. ಒಡಪಿನಲ್ಲಿ ಹೇಳಿದರೆ ದೋಷ ಇಲ್ಲ. ನಮ್ಮ ಮದುವೆಯಲ್ಲೂ ನಮ್ಮನಿಯಾಕಿ ಹೇಳಿದ್ದಳು. ಗಂಡಿಗೂ ಕೇಳುವುದುಂಟು, ಆದರೆ ನನ್ನ ಸರದಿ ಬರುವಷ್ಟರಲ್ಲಿ ಎಲೆ ಹಾಕಿದ್ದಾರೆ ಅಂತ ಯಾರೋ ಕೂಗಿ, ಬಾಗಿಲು ತಡೆದವರೆಲ್ಲ ಊಟಕ್ಕೆ ಓಡಿದರು.

ಈಗ ನಮ್ಮನಿಯಾಕಿ ಫೋನಿಗೇ ಮರ್ಯಾದೆ ಕೊಟ್ಟು ತಲೆ ಮೇಲೆ ಸೆರಗು ಹೊದ್ದುಕೊಂಡಳು. ಒಂದು ಕ್ಷಣ ಮೇಲೆ ನೋಡಿ, ಕೆಮ್ಮಿ, ಹೇಳಿದಳು.

“ಕಂಪ್ಲಿ ಗದ್ದಿಗೆ ಕಾಲುವಿ ನೀರು, ಹಂಪಿ ಗುಡ್ಡಕ ಬಿಸಿಲಿನ ಝಳ, ಗಾಡಿ ನಿಂತರೂ ಪಂಪಾಪತಿಯವರ ಬೆನ್ನಿಗೆ ಕುಂತಾಕಿಗಿಲ್ಲ ಕಳವಳ.”

ಆ ಕಡೆ ಮೂರು ನಾಲ್ಕು ಜನ ಚಪ್ಪಾಳೆ ಹೊಡೆದ ಸದ್ದು ಕೇಳಿತು. ಆ ರೆಕಾರ್ಡನ್ನು ಅವರು ಯಾವ ತರಬೇತಿಗೆ ಉಪಯೋಗಿಸಿದರೋ ಗೊತ್ತಿಲ್ಲ. ನನಗಂತೂ ಎದೆ ತುಂಬಿ ಬಂತು, ಸುಳ್ಳು ಯಾಕೆ ಹೇಳಲಿ. ಮೂವತ್ತು ವರ್ಷದ ಮೇಲೆ ನನ್ನ ಹೆಸರು ಆಕೆಯ ಬಾಯಿಂದ ಕೇಳಿದ್ದೆ. ಎದ್ದು ಹಿತ್ತಲಿಗೆ ಹೋಗಿ ಸುಮ್ಮನೆ ಒಂದು ಕೊಡ ನೀರು ಸೇದಿ ಬಂದೆ.

ಅಷ್ಟಕ್ಕೆ ಬಿಟ್ಟಿದ್ದರೆ ಚೆನ್ನಾಗಿತ್ತು. ಖುಷಿ ಹೆಚ್ಚಾದರೆ ನನಗೆ ಉಪದೇಶ ಮಾಡುವ ಚಟ. ಹೆಸರು ಹೇಳಿದರೆ ನಾನೇನು ಸವೆಯುತ್ತೇನೇನು, ಕಾಲ ಎಲ್ಲಿಗೆ ಬಂದಿದೆ, ಮನುಷ್ಯನಿಗೆ ಹೆಸರಿಡುವುದು ಕರೆಯಲಿಕ್ಕಲ್ಲವೇ ಅಂತ ಎರಡು ದಿನ ಹೇಳಿದೆ. ಖಾಜಾಸಾಬ್‌ನ ಅಂಗಡಿಯಲ್ಲೂ ಹೇಳಿದೆ.

ವೀಣಾಗೆ ಮಾತ್ರ ಒಡಪು ಒಪ್ಪಿಗೆಯಾಗಲಿಲ್ಲ. ಇದು ಗದಗಿನ ಹುಡುಗಿ ಸಿಕ್ಕಿದ್ದಕ್ಕೆ ನಡೆಯಿತು, ನಾಳೆ ಮಧುರೈ ಹತ್ತಿರ ಹಿಂದಿಯವರೋ ತಮಿಳಿನವರೋ ಫೋನ್ ಎತ್ತಿದರೆ ಏನು ಗತಿ ಅಂದಳು. “ಅಪ್ಪ ರಸ್ತ್ಯಾಗ ಬಿದ್ದಿರ್ತಾನ, ಅವ್ವ ಮಗ್ಗಲದಾಗ ಪ್ರಾಸ ಹುಡುಕ್ತಾ ಕುಂತಿರ್ತಾಳ.” ಅದೂ ಖರೇನೇ. ಕೊನೆಗೆ ಆಕೆಯೇ ದಾರಿ ತೆಗೆದಳು. ಗಾಡಿ ಯಾರದಾದರೂ ಇರಲಿ, ಸದಸ್ಯತ್ವ ಮನೆಯವರಲ್ಲಿ ಯಾರ ಹೆಸರಿಗಾದರೂ ಮಾಡಿಸಬಹುದಂತೆ. ಅವ್ವನ ಹೆಸರಿಗೆ ಮಾಡಿಸಿದರೆ ಮುಗಿಯಿತು, ತನ್ನ ಹೆಸರು ತಾನು ಹೇಳಲು ಯಾರಿಗೂ ದೋಷವಿಲ್ಲ. ನನಗೇನೂ ಅಡ್ಡಿಯಿಲ್ಲ, ನಾನು ಹೊಸ ವಿಚಾರದವನು ಅಂತ ದೊಡ್ಡ ಮನಸ್ಸು ಮಾಡಿ ಒಪ್ಪಿದೆ. ವಾರದಲ್ಲಿ ಕಾರ್ಡ್ ಬಂತು.

ಹೊರಡುವ ಮೊದಲು ಲಗೇಜು ಕಟ್ಟಿಕೊಂಡು ಒಂದು ದಿನ ಸುತ್ತಿ ಬನ್ನಿ ಅಂತ ವೀಣಾ ಹೇಳಿದ್ದಳು. ಒಂದು ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು, ಸಂಡೂರಿನ ಗುಡ್ಡ ಹತ್ತಿ ಇಳಿದು, ಚೋರನೂರಿನ ದಾರಿ ಹಿಡಿದೆವು. ಮಳೆ ಬಿದ್ದು ನಾಲ್ಕು ದಿನವಾಗಿತ್ತು, ಹೊಲಗಳಲ್ಲಿ ಶೇಂಗಾ ಗಿಡ ಗೇಣುದ್ದ ಎದ್ದಿತ್ತು. ಚೋರನೂರು ಇನ್ನೂ ದೂರ ಇರುವಾಗಲೇ ಗಾಡಿ ಎರಡು ಸಲ ಬಿಕ್ಕಿ ನಿಂತುಬಿಟ್ಟಿತು. ಟ್ಯಾಂಕಿನಲ್ಲಿ ಪೆಟ್ರೋಲ್ ಇದೆ, ಬ್ಯಾಟರಿ ಇದೆ. ಕೀಲಿ ತಿರುವಿದರೆ ಒಳಗಿನಿಂದ ಝುಂಯ್ ಅಂತ ಬರಬೇಕಾದ ಸದ್ದು ಮಾತ್ರ ಇಲ್ಲ. ನಮ್ಮನಿಯಾಕಿ ಕಿವಿಗೊಟ್ಟು ಕೇಳಿ, “ನಿಮ್ಮ ಹೆಸರಿಂದು ಕೆಟ್ಟೈತೇನ್ರಿ?” ಅಂದಳು. ಖಾಜಾಸಾಬ್ ಹೇಳಿದ್ದನ್ನು ಆಕೆ ನನಗಿಂತ ಚೆನ್ನಾಗಿ ನೆನಪಿಟ್ಟಿದ್ದಳು. ಕೆಟ್ಟದ್ದು ಅದೇ.

ಅಷ್ಟರಲ್ಲಿ ಮೊಪೆಡ್ಡಿನ ಮೇಲೆ ಹಸಿ ಹುಲ್ಲಿನ ಹೊರೆ ಹೇರಿಕೊಂಡು ಒಬ್ಬ ಮುದುಕ ಬಂದು ನಿಂತ. ಯಾವೂರು, ಯಾರ ಪೈಕಿ ಅಂತ ಕೇಳಿದ. ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಇದು ಇಂಜೆಕ್ಷನ್ ಗಾಡಿ ಏನಪ್ಪ ಅಂದ. ಹೌದು ಅಂದೆ. ಹಂಗಾದ್ರ ಡಾಕ್ಟ್ರೇ ಬರಬೇಕು ಅಂದು, ಮೋರಿಯ ಕಟ್ಟೆಯ ಮೇಲೆ ನೋಡುತ್ತ ಕುಳಿತ. ನಮ್ಮನಿಯಾಕಿ ರಸ್ತೆಯಿಂದ ದೂರದ ಹೊಲದಲ್ಲಿ ಕಳೆ ತೆಗೆಯುತ್ತಿದ್ದ ಹೆಂಗಸರ ಹತ್ತಿರ ನೀರು ಕೇಳಲು ಹೋದಳು. ಹೋದವಳು ನೀರು ಕುಡಿದು, ಅವರ ಸಾಲಿನಲ್ಲೇ ಕುಳಿತು ತಾನೂ ಕಳೆ ಕೀಳತೊಡಗಿದ್ದು ಕಾಣಿಸಿತು. ನಾನು ಕಾರ್ಡ್ ತೆಗೆದು ಫೋನ್ ಹಚ್ಚಿದೆ.

ಈ ಸಲ ಒಬ್ಬ ಹುಡುಗ. ಗಾಡಿಯ ನಂಬರ್ ಹೇಳಿದೆ, ನಿಂತ ಜಾಗ ಹೇಳಿದೆ, ಪಂಪ್ ಕೆಟ್ಟಿದೆ ಅಂತಲೂ ಹೇಳಿದೆ. ಸದಸ್ಯರ ಹೆಸರು ಹೇಳಿ ಸರ್ ಅಂದ.

ನಮ್ಮನಿಯಾಕಿ ಹೆಸರಿನಾಗ ಐತಿ ಅಂದೆ. ಗೊತ್ತು ಸರ್, ಅವರ ಹೆಸರು ಅಂದ. ಬಾಯಿ ತೆರೆದೆ. ಏನೂ ಬರಲಿಲ್ಲ.

ಮರೆತೆ ಅಂತ ತಿಳಿಯಬೇಡಿ. ಹೆಸರು ಮರೆಯುವಷ್ಟು ಪಾಪಿ ನಾನಲ್ಲ. ರೇಷನ್ ಕಾರ್ಡಿನ ಅರ್ಜಿಯಲ್ಲಿ, ಬ್ಯಾಂಕಿನ ಫಾರಮ್ಮಿನಲ್ಲಿ, ಮಗಳ ಶಾಲೆಯ ದಾಖಲೆಯಲ್ಲಿ ನನ್ನ ಕೈಯಾರೆ ಎಷ್ಟೋ ಸಲ ಬರೆದಿದ್ದೇನೆ. ಆದರೆ ಬಾಯಿಂದ ಅಂದಿದ್ದು ಯಾವಾಗ? ಯೋಚಿಸಿದೆ. ಮದುವೆಯಾದ ಹೊಸದರಲ್ಲಿ ಏ ಅನ್ನುತ್ತಿದ್ದೆ. ಆಮೇಲೆ ಕೇಳ್ತೇನು ಅಂದೆ. ಮಗಳು ಹುಟ್ಟಿದ ಮೇಲೆ ವೀಣಾನವ್ವ ಅಂದೆ. ಬೇರೆಯವರ ಮುಂದೆ ನಮ್ಮನಿಯಾಕಿ ಅಂದೆ. ನಿಮ್ಮ ಮುಂದೆಯೂ ಇಷ್ಟು ಹೊತ್ತು ಅದನ್ನೇ ಅಂದೆ, ನೀವೂ ಕೇಳಲಿಲ್ಲ. ಹೆಂಡತಿಯ ಹೆಸರು ಹೇಳಬಾರದು ಅಂತ ನನಗೆ ಯಾವ ಹಿರಿಯರೂ ಹೇಳಿರಲಿಲ್ಲ, ಹೇಳಿದರೆ ಆಕೆಯ ಆಯುಷ್ಯ ಕಡಿಮೆಯಾಗುತ್ತದೆ ಅಂತ ಯಾವ ನಂಬಿಕೆಯೂ ಇರಲಿಲ್ಲ. ಆಕೆಗಾದರೂ ಒಂದು ಕಾರಣ ಇತ್ತು. ನಾನು ಸುಮ್ಮನೆ ಕರೆದಿರಲಿಲ್ಲ. ಏಳು ಜನ ಹನುಮಂತಪ್ಪರನ್ನು ಏಳು ರಾಗದಲ್ಲಿ ಕರೆದವನು, ಮನೆಯಲ್ಲಿದ್ದ ಒಬ್ಬಳನ್ನು ಕರೆದಿರಲಿಲ್ಲ. ಎರಡು ದಿನ ಮಾಡಿದ ಉಪದೇಶವೆಲ್ಲ ನೆನಪಾಗಿ, ಆ ಬಿಸಿಲಿನಲ್ಲಿ ನಿಂತು ನನಗೆ ಭಾಳ ನಾಚಿಕೆಯಾಯಿತು.

ಫೋನಿನ ಹುಡುಗನ ದನಿ ಬದಲಾಯಿತು. ಗಾಡಿ ನಿಮ್ಮದೇನಾ ಸರ್ ಅಂತ ಕೇಳಿದ. ಮುದುಕನೂ ನನ್ನನ್ನು ಮೇಲಿಂದ ಕೆಳಗೆ ನೋಡಿ, “ಹೇಣ್ತಿ ಹೆಸರು ಹೇಳಾಕ ಇಷ್ಟೊತ್ತು ಯಾಕ ಬೇಕೋ ತಮ್ಮಾ?” ಅಂದ. ಹೆಸರು ಹೊಂದದಿದ್ದರೆ ಗಾಡಿ ಎತ್ತುವವರು ಬರುವುದಿಲ್ಲ. ಬರದಿದ್ದರೆ ವೀಣಾಗೆ ಗೊತ್ತಾಗುತ್ತದೆ. ಗೊತ್ತಾದರೆ ಕೀಲಿ ಹುಬ್ಬಳ್ಳಿಗೆ, ಆಕೆಯ ಕನ್ಯಾಕುಮಾರಿ ಗೋಡೆಗೆ. ಮುಂದೆ ಹೋಗಿ ಬಂದೆವು ಅನ್ನುವುದು ಬೇರೆ ಮಾತು, ಆ ಹೊತ್ತಿಗೆ ನನಗದು ಗೊತ್ತಿರಲಿಲ್ಲ.

ಹೇಳಿದೆ. ಮೆಲ್ಲಗೆ, ಮುದುಕನಿಗೆ ಬೆನ್ನು ಮಾಡಿ ಹೇಳಿದೆ. ಕೇಳಿಸುತ್ತಿಲ್ಲ ಸರ್, ಸಿಗ್ನಲ್ ಇಲ್ಲ, ಜೋರಾಗಿ ಹೇಳಿ ಅಂದ. ಇನ್ನೊಮ್ಮೆ ಹೇಳಿದೆ. ಇನ್ನೂ ಜೋರಾಗಿ ಅಂದ. ಮುದುಕನನ್ನು ದಾಟಿ ಮೋರಿಯ ಕಟ್ಟೆ ಹತ್ತಿ ನಿಂತೆ. ಎಂಥ ನಾಚಿಕೆ ಇನ್ನು ಅಂತ, ಗಣಿಯ ಗೇಟಿನಲ್ಲಿ ಕೂಗುತ್ತಿದ್ದ ಗಂಟಲು ತೆಗೆದು ಕೂಗಿದೆ.

“ಗಿರಿಜಾ!”

ಶೇಂಗಾ ಹೊಲದ ಆ ತುದಿಯಿಂದ “ಓ” ಅಂತ ಬಂತು.

ಎದ್ದು ನಿಂತಿದ್ದಳು. ಸಾಲಿನಲ್ಲಿದ್ದ ಹೆಂಗಸರೆಲ್ಲ ತಲೆ ಎತ್ತಿ ನನ್ನ ಕಡೆ ನೋಡುತ್ತಿದ್ದರು. ಓ ಅಂದ ಆ ದನಿ ನನಗೆ ಗೊತ್ತಿರಲೇ ಇಲ್ಲ, ಕಂಪ್ಲಿಯಲ್ಲಿ ಅವರವ್ವ ಕರೆದರೆ ಹಾಗೆ ಅನ್ನುತ್ತಿದ್ದಳೋ ಏನೋ. ಇತ್ತ ಫೋನಿನಲ್ಲಿ ಹುಡುಗ, ಸರಿ ಸರ್, ಹೆಸರು ಹೊಂದಿಕೆಯಾಯಿತು, ಸಂಡೂರಿನಿಂದ ಗಾಡಿ ಹೊರಡುತ್ತದೆ, ನಿಮ್ಮಿಬ್ಬರನ್ನೂ ಕರೆದುಕೊಂಡು ಹೋಗುತ್ತಾರೆ ಅಂತ ಹೇಳಿ ಇಟ್ಟ.

ಆಕೆ ಸೀರೆಯ ನಿರಿಗೆ ಎತ್ತಿ ಹಿಡಿದು, ಗಿಡ ತುಳಿಯದ ಹಾಗೆ ಸಾಲಿನ ನಡುವೆ ದಾಪುಗಾಲು ಹಾಕುತ್ತ ಬಂದಳು. ರಸ್ತೆಗೆ ಹತ್ತುವಾಗ ಏದುಸಿರು ಬರುತ್ತಿತ್ತು. ಕೈತುಂಬ ಮಣ್ಣು. ನಾನು ಕಟ್ಟೆಯಿಂದ ಇಳಿಯುವುದನ್ನೂ ಮರೆತು ನಿಂತಿದ್ದೆ. ಕೆಳಗೆ ನಿಂತು ನನ್ನ ಮುಖ ನೋಡಿದಳು.

“ಕರೆದ್ರೇನು?”

“ನಾ ಅಲ್ಲ, ಕಂಪನಿಯವರು ಹೆಸರು ಕೇಳಿದ್ರು” ಅಂದೆ.

ಆಕೆ ಸೆರಗಿನ ತುದಿಗೆ ಕೈ ಒರೆಸಿಕೊಂಡಳು. ಒಂದೊಂದೇ ಬೆರಳು, ಮಣ್ಣೆಲ್ಲ ಹೋಗುವ ತನಕ.

“ಹಂಗಾದ್ರ ಇನ್ನೊಮ್ಮೆ ಹೇಳಿಬಿಡ್ರಿ” ಅಂದಳು. “ಅವರಿಗೆ ಸರಿಯಾಗಿ ಕೇಳಿಸಿರಲಿಕ್ಕಿಲ್ಲ.”

ಫೋನ್ ಯಾವಾಗಲೋ ಕಟ್ಟಾಗಿತ್ತು. ಅದನ್ನು ಕಿವಿಗೆ ಹಿಡಿದುಕೊಂಡು ಇನ್ನೊಮ್ಮೆ ಹೇಳಿದೆ.